ಕಾಗವಾಡದ ಬಾವಿಯ ಬಿಳಿ ಪದರ

೨೦೧೧ರಲ್ಲಿ ನಾನು ಚಿಕ್ಕೋಡಿಯ ಅಂತರ್ಜಲ ಕಚೇರಿಯಲ್ಲಿ ಭೂವಿಜ್ಞಾನಿಯಾಗಿದ್ದೆ. ಎಲ್ಲಿ ತೋಡಿದರೆ ನೀರು ಸಿಕ್ಕೀತು ಎಂದು ಹೇಳುವುದು ನನ್ನ ಕೆಲಸ. ನೀರು ಬಂದರೆ ದೇವರ ದಯೆ, ಬಾರದಿದ್ದರೆ ನನ್ನ ತಪ್ಪು; ಅದಕ್ಕೆ ಒಗ್ಗಿಹೋಗಿದ್ದೆ.

ಆ ಏಪ್ರಿಲ್‌ನಲ್ಲಿ ಕಾಗವಾಡದ ಕಲ್ಲುದಿಬ್ಬದ ಮಡ್ಡಿಯ ಮೇಲೆ, ದ್ರಾಕ್ಷಿ ಬೆಳೆಯುವ ಶಾಂತಕ್ಕನವರ ಹೊಸ ಬಾವಿಗೆ ಇಳಿದೆ. ನಲವತ್ತು ಅಡಿ ಆಳದಲ್ಲಿ ಎರಡು ಕರಿಕಲ್ಲಿನ ಹಾಸುಗಳ ನಡುವೆ ಎರಡು ಬೆರಳು ದಪ್ಪದ ಬಿಳಿ ಪದರವಿತ್ತು. ಅದರ ಒಂದು ಚೂರು ಒಡೆದು ಮೇಲೆ ತಂದು, ಎಲ್ಲರ ಎದುರಿಗೇ ಒಂದು ಹನಿ ಆ್ಯಸಿಡ್ ಹಾಕಿದೆ. ನೊರೆ ಬಂತು. ಸುಣ್ಣ ಆ್ಯಸಿಡ್‌ನಲ್ಲಿ ನೊರೆಯಾಗಿ ಕರಗುತ್ತದೆ; ಅದರ ಅಂಶವಿದೆ ಎಂದು ತಿಳಿಯುವ ಪರೀಕ್ಷೆ ಅದು.

ಚೂರನ್ನು ತೆಳ್ಳಗೆ ಸವೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಲೆಯಂಥ ಗೆರೆಗಳ ನಡುವೆ ಸೂಕ್ಷ್ಮ ಎಳೆಗಳು! ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಲಾವಾ ಆರಿ ಆ ಕರಿಕಲ್ಲಾದ ಮೇಲೆ ಅಲ್ಲಿ ಕೆರೆ ನಿಂತಿರಬೇಕು. ಅದರ ತಳಕ್ಕೆ ಅಂಟಿ ಬೆಳೆದ ಸೂಕ್ಷ್ಮಜೀವಿಗಳಿಗೆ ಎಲುಬಿಲ್ಲ, ಚಿಪ್ಪಿಲ್ಲ. ಸತ್ತರೆ ಕೊಳೆತು ಹೋಗುತ್ತವೆ. ನೀರಿನ ಸುಣ್ಣ ಅದಕ್ಕೂ ಮೊದಲೇ ಅವುಗಳ ಮೇಲೆ ಪದರಪದರವಾಗಿ ಕೂತರೆ ಮಾತ್ರ ಆಕಾರ ಉಳಿಯುತ್ತದೆ. ಸುಣ್ಣ ಹೋದರೆ ಗುರುತೂ ಹೋಯಿತು.

‘ಇದು ಈಚಿನ ಪಾಚಿಯೂ ಇರಬಹುದು, ತಳದ ಕಲ್ಲಿನ ಸಮೇತ ದೊಡ್ಡ ತುಂಡು ಬೇಕು’ ಎಂದರು ನಾನು ಚಿತ್ರ ಕಳಿಸಿದ್ದ ಪಳೆಯುಳಿಕೆ ಪ್ರಯೋಗಾಲಯದವರು. ಶಾಂತಕ್ಕನವರಿಗೆ ಫೋನ್ ಮಾಡಿದೆ. ಬಾವಿಯ ಗೋಡೆ ಕಟ್ಟುವ ಕೆಲಸ ಆಗಲೇ ಶುರುವಾಗಿತ್ತು.

“ಒಂದು ತುಂಡ ಕಡಿಸಿ ಇಡ್ತೀನ್ರಿ, ಸಾಹೇಬ್ರ,” ಎಂದರು.

ಜೋಪಾನವಾಗಿ ಇಡಿ ಎಂದೆ. ಯಾಕೆಂದು ಹೇಳಲಿಲ್ಲ. ಇವರಿಗೆ ಇದೆಲ್ಲ ಎಲ್ಲಿ ತಿಳಿದೀತು ಎಂಬ ಜಂಭ ನನಗೆ.

ಹತ್ತು ದಿನ ಬಿಟ್ಟು ಹೋದಾಗ ಗೋಡೆ ಪದರವನ್ನು ಮುಚ್ಚಿ ಮೇಲೆದ್ದಿತ್ತು, ಆ ಮಟ್ಟದಿಂದ ಹದಿನೈದು ಅಡಿ ನೀರು ನಿಂತಿತ್ತು. ಪಡಸಾಲೆಯಲ್ಲಿ ಒಗೆದ ಟವೆಲ್ಲಿನ ಮೇಲೆ ಕಲ್ಲು ಇತ್ತು. ಅಪ್ಪಟ ಕಪ್ಪು.

“ಬಿಳೀದು ಎಲ್ಲಿ ಹೋತ್ರಿ, ಅಕ್ಕಾರ?”

“ನೀವೇ ಆ್ಯಸಿಡ್ ಹಾಕಿದ್ರಲ್ರಿ! ಡ್ರಿಪ್ ಪೈಪಿನಾಗ ಬಿಳಿ ಉಪ್ಪು ಕಟ್ಟಿದ್ರ ನಾವೂ ಅದನ್ನೇ ಬಿಡ್ತೀವಿ. ಮೂರು ದಿನ ನೆನಿ ಇಟ್ಟಿದ್ದೆ. ಈಗ ಹೆಂಗ ಸ್ವಚ್ಛ ಆಗೈತಿ ನೋಡ್ರಿ.”

ಕಲ್ಲನ್ನು ಹೊರಳಿಸಿ ನೋಡಿದೆ, ಬಿಳಿಯ ಒಂದು ಕಲೆಯೂ ಉಳಿದಿರಲಿಲ್ಲ. ಗೋಡೆ ಒಡೆಸಿ, ನೀರು ಖಾಲಿ ಮಾಡಿಸಿ ಎಂದು ಯಾವ ಬಾಯಿಯಿಂದ ಹೇಳಲಿ? ಹೊರಗೆ ಆಗತಾನೆ ಸವರಿದ ದ್ರಾಕ್ಷಿ ಬಳ್ಳಿಗಳು ಆ ನೀರಿಗೇ ಕಾದಿದ್ದವು.

“ಉಪಯೋಗ ಆತಿಲ್ರಿ, ಸಾಹೇಬ್ರ?”

“ಭಾಳ ಉಪಯೋಗ ಆತ್ರಿ,” ಎಂದು ಆ ಕಲ್ಲನ್ನು ಎರಡೂ ಕೈಯಲ್ಲಿ ಹೊತ್ತು ಜೀಪಿಗೆ ಹಾಕಿದೆ.

ಪ್ರಯೋಗಾಲಯಕ್ಕೆ ‘ಮಾದರಿ ಲಭ್ಯವಿಲ್ಲ’ ಎಂದು ಬರೆದೆ. ಅಲ್ಲಿಂದ ನಿವೃತ್ತಿಯವರೆಗೂ, ಆ್ಯಸಿಡ್ ಸೀಸೆ ತೆರೆಯುವ ಮೊದಲು ಸುತ್ತ ನಿಂತವರಿಗೆ ಅದು ಏತಕ್ಕೆಂದು ಕೂತು ಹೇಳುತ್ತಿದ್ದೆ. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು, ಎಲ್ಲರಿಗೂ ಅರ್ಥವೂ ಆಗುತ್ತಿತ್ತು. ಅಂಥ ಪದರ ಮಾತ್ರ ಮತ್ತೆ ಯಾವ ಬಾವಿಯಲ್ಲೂ ಸಿಗಲಿಲ್ಲ.