ಮೂರು ಕಿಲೋ ಏರಿದ ಐತಪ್ಪ

ತನ್ನ ಬುದ್ಧಿಯ ಬಗ್ಗೆ ತಿಲಕ್‌ಗೆ ತುಂಬ ಗೌರವವಿತ್ತು. ಆ ಗೌರವ ಇಟ್ಟುಕೊಂಡಿದ್ದವನು ಅವನೊಬ್ಬನೇ ಎಂಬುದು ಬೇರೆ ಮಾತು. ನೋಯ್ಡಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಅವನು, ಆಸ್ಪತ್ರೆಯ ಚೀಟಿಯನ್ನೂ ಬಿಲ್ಲಿನಷ್ಟೇ ಸಲೀಸಾಗಿ ಓದಬಲ್ಲೆ ಎಂದುಕೊಂಡಿದ್ದ. ಮಾವನ ತೂಕ ದಿನಾ ಬರೆದಿಡಿ ಎಂದಿದ್ದರು ಡಾಕ್ಟರು. ಯಾಕೆ ಎಂದು ಇವನು ಕೇಳಲಿಲ್ಲ. ಅದೇ ಹೋಟೆಲಿನ ಅಡುಗೆಯವನಾದ ಸೋದರಮಾವ ಐತಪ್ಪನನ್ನು ಬೆಳಿಗ್ಗೆ ಬೆಳಿಗ್ಗೆ ಆಲೂಗಡ್ಡೆ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ನಾಲ್ಕೇ ದಿನದಲ್ಲಿ ಮೂರು ಕಿಲೋ ಏರಿತ್ತು.

"ಮಾವ, ಚೇತರಿಸ್ತಾ ಇದ್ದೀರಿ! ಅತ್ತೆ ಹತ್ರ ಪಾಯಸ ಮಾಡ್ಲಿಕ್ಕೆ ಹೇಳ್ತೇನೆ."

"ಹೌದಾ ಮಾರಾಯ? ಮತ್ತೆ ಚಪ್ಪಲಿಗೆ ಕಾಲು ಯಾಕೆ ಹೋಗುದಿಲ್ಲ?"

"ದಪ್ಪ ಆದ್ರೆ ಕಾಲೂ ದಪ್ಪ ಆಗ್ತದೆ. ಸಿಂಪಲ್."

ಇಪ್ಪತ್ತೆಂಟು ವರ್ಷದಿಂದ ಆ ಹೋಟೆಲಿನ ಸಾಂಬಾರು ಐತಪ್ಪನದೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆ ಹಿಂಡಿ, ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಗ್ಯಾಸು" ಎಂದು ಜೀರಾ ಸೋಡಾ ಕುಡಿದು ಮತ್ತೆ ಒಲೆಯ ಮುಂದೆ ನಿಂತ. ಅಂದು ಹೃದಯದ ಒಂದು ಭಾಗ ಸತ್ತಿತ್ತು. ಜೋಡಿಯಲ್ಲಿ ಒಂದೆತ್ತು ಬಿದ್ದರೆ ಇನ್ನೊಂದರ ಹೆಗಲಿಗೇ ಗಾಡಿ ಬರುವ ಹಾಗೆ, ಉಳಿದ ಭಾಗ ಎಳೆದೂ ಎಳೆದೂ ಹಿಗ್ಗಿ ಸಡಿಲವಾಯಿತು. ಮೆಟ್ರೋ ಮೆಟ್ಟಿಲಲ್ಲಿ ಉಸಿರು ಕಟ್ಟಿದರೆ ದೆಹಲಿಯ ಹೊಗೆ, ಪಾದ ಊದಿದರೆ ನಿಂತೂ ನಿಂತೂ ಆದದ್ದು. ಮಲಗಿದರೆ ಕೆಮ್ಮು ಬರುತ್ತಿತ್ತು. ಅದಕ್ಕೆ ಇನ್ನೊಂದು ದಿಂಬು. ಪ್ರತಿಯೊಂದಕ್ಕೂ ಈ ಊರು ಒಂದು ಕಾರಣ ಒದಗಿಸುತ್ತಿತ್ತು. ಆಸ್ಪತ್ರೆ ಕಂಡದ್ದು ಈ ತಿಂಗಳಷ್ಟೇ.

ಮುಂದಿನ ಸಲ ಹೋದಾಗ ತಿಲಕ್ ಬರೆದ ತೂಕದ ಪಟ್ಟಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿ ಐತಪ್ಪನ ಮೊಣಕಾಲ ಕೆಳಗೆ ಬೆರಳೊತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ನಿಂತಿತು.

"ಯೇ ಪಾನೀ ಹೈ, ಭಾಯಿ," ಎಂದರು. ಏರಿದ್ದು ಮಾಂಸವಲ್ಲ, ನೀರು. ಸೋತ ಹೃದಯ ಸಾಕಷ್ಟು ರಕ್ತ ಕಳಿಸುವುದಿಲ್ಲ. ಮೈ ಒಣಗಿದೆಯೆಂದು ತಪ್ಪು ತಿಳಿದ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಬಿಡದೆ ಹಿಡಿದಿಡುತ್ತದೆ. ಆ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶವನ್ನು ತುಂಬುತ್ತದೆ. "ಉಪ್ಪು ಎಷ್ಟು ತಿನ್ನುತ್ತಾರೆ?"

ತಿಲಕ್ ಎದೆಯುಬ್ಬಿಸಿದ. "ಉಪ್ಪಿಲ್ಲದ ಗಂಜಿ, ಸಾರ್. ನಾನೇ ನಿಂತು ಉಣಿಸ್ತೇನೆ."

ಅತ್ತೆ ಉಮಾವತಿ ಗಂಡನ ಕಡೆ ತಿರುಗಿದಳು. "ಇವ್ರೇ, ಅಂಗೈಗೆ ಹಾಕಿಕೊಂಡು ನೆಕ್ಕುದು ದಿನಕ್ಕೆ ಎಷ್ಟು ಸಲ?"

"ಅದು ತಿನ್ನುದಾ? ರುಚಿ ನೋಡುದಲ್ವಾ?"

ಸಾಂಬಾರು, ರಸಂ, ಮೂರು ಬಗೆ ಚಟ್ನಿ, ಪಲ್ಯ. ಪ್ರತಿ ಪಾತ್ರೆ ಇಳಿಯುವಾಗಲೂ ಸೌಟಿನಿಂದ ಅಂಗೈಗೆ ಒಂದಿಷ್ಟು. ನಲವತ್ತು ಸಲಕ್ಕೆ ಕಡಿಮೆಯಿಲ್ಲ. ಗಲ್ಲಾದ ಕಿಟಕಿಯಿಂದ ತಿಲಕ್ ಅದನ್ನು ದಿನವೂ ಕಾಣುತ್ತಿದ್ದ. ಅವನ ಲೆಕ್ಕದಲ್ಲೂ ಅದು ಊಟವಾಗಿರಲಿಲ್ಲ.

"ಬಿಟ್ಟರೆ ಮೊದಲಿನ ಹಾಗೆ ಆಗ್ತಾರಾ, ಸಾರ್?" ತಿಲಕ್ ಕೇಳಿದ.

"ಇಲ್ಲ. ಇನ್ನೂ ಸ್ವಲ್ಪ ದಿನ ಎಳೆಯಬಹುದು."

ಐತಪ್ಪ ರುಚಿ ನೋಡುವುದನ್ನು ಬಿಟ್ಟ. ಮೈಯ ನೀರು ಇಳಿಸುವ ಮಾತ್ರೆ ನುಂಗಿದ. ಮೊದಲ ವಾರ ಪಾದ ಇಳಿಯಿತು, ತಿಲಕ್ ಮತ್ತೆ ಬುದ್ಧಿವಂತನಾದ. ಮೂರನೆಯ ವಾರ ಊತ ಮೊಣಕಾಲು ದಾಟಿತು. ಮಾತ್ರೆ ಹೆಚ್ಚಿಸಿದರೆ ಮೂತ್ರಪಿಂಡ ಸೋಲುತ್ತಿತ್ತು, ಇಳಿಸಿದರೆ ಉಸಿರು. ಹೊಟ್ಟೆಯೊಳಗೂ ನೀರು ನಿಂತು ಹಸಿವೇ ಸತ್ತಿತು. ಹೊಸ ಅಡುಗೆಯವನನ್ನು ಹುಡುಕು ಎಂದು ಯಜಮಾನರು ಹೇಳಿದ್ದು ತಿಲಕ್‌ಗೇ. ಹುಡುಕಿದ. ಮಾವನಿಗೆ ಹೇಳಿದ್ದು ಎರಡು ದಿನ ಬಿಟ್ಟು.

ಮಲಗಲಾಗದೆ ಕುರ್ಚಿಯಲ್ಲೇ ನಿದ್ದೆ, ಕುರ್ಚಿಯಲ್ಲೇ ಬೆಳಗು ಮಾಡುತ್ತಿದ್ದ ಐತಪ್ಪ ಕೇಳಿ ತಲೆಯಾಡಿಸಿದ.

"ಅವನಿಗೆ ಹೇಳು... ಹುಣಸೆ ಹುಳಿ..." ಉಸಿರೆಳೆದುಕೊಂಡ. "ಬೇಳೆ ಬೆಂದ..."

ತಿಲಕ್ ಪೆನ್ನು ಹಿಡಿದು ಕಾದ. "ಬೆಂದ ಮೇಲಾ ಮಾವ, ಮೊದಲಾ?"

ಐತಪ್ಪ ಬಾಯಿ ತೆರೆದ. ಇದ್ದ ಗಾಳಿಯೆಲ್ಲ ಉಸಿರಿಗೇ ಖರ್ಚಾಗಿ ಮಾತಿಗೆ ಏನೂ ಉಳಿಯಲಿಲ್ಲ. ಸಾಕು ಎಂಬಂತೆ ಕೈಯಾಡಿಸಿ ಕಣ್ಣು ಮುಚ್ಚಿದ.