ಒಂಬತ್ತು ದಿನದ ಖಾಲಿ ಸಾಲು

ನಮ್ಮ ಎಸ್ಟೇಟಿನ ಮಳೆ ದಾಖಲೆಯ ಸರ್ವರ್‌ಗೆ ಯಾರೋ ನುಗ್ಗಿ ಎಲ್ಲ ಅಂಕಿಗಳನ್ನೂ ಅಳಿಸಿಹಾಕಿದರು. ಹೆಗ್ಗದ್ದೆಯ ಆಫೀಸಿನಲ್ಲಿ ಅದನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಡೇಟಾಬೇಸಿನ ಪೋರ್ಟನ್ನು, ಅಂದರೆ ಒಳಬರುವ ಬಾಗಿಲನ್ನು, ಊರಿಗೆಲ್ಲ ತೆರೆದಿಟ್ಟಿದ್ದವಳೂ ನಾನೇ.

ಅಂಕಿಗಳು ಮರಳಿ ಸಿಕ್ಕಿದ್ದು ನಮ್ಮ ಹಳೆಯ ರೈಟರಿಂದ. ಎಸ್ಟೇಟಿನ ಗುಮಾಸ್ತಿಕೆ ಮುಗಿಸಿ ಪಾಳ್ಯದ ಮನೆ ಸೇರಿದ ಮೇಲೂ ಅವರು ದಿನಾ ಬೆಳಿಗ್ಗೆ ಫೋನಿನಲ್ಲಿ ಅದೇ ಸರ್ವರಿನ ಮಳೆಯ ಪುಟ ತೆರೆದು, ಎಷ್ಟು ಇಂಚು, ಇಂಚಿನ ನೂರನೇ ಪಾಲಿನಲ್ಲಿ ಎಷ್ಟು ಸೆಂಟು ಮಳೆ ಎಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಹಳೆಯ ಪುಸ್ತಕಗಳನ್ನೆಲ್ಲ ಕಟ್ಟಿ ಕೊಟ್ಟರು. ನಾನು ಕೂತು ಮತ್ತೆ ತುಂಬಿದೆ. ಆಮೇಲೆ ಫೈರ್‌ವಾಲ್ ಹಾಕಿದೆ: ಆಫೀಸಿನ ಇಂಟರ್ನೆಟ್ ವಿಳಾಸವೊಂದನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ. ಬಂದವರಿಗೆ ‘ಇಲ್ಲ’ ಎಂಬ ಉತ್ತರವೂ ಹೋಗದಂತೆ ಮಾಡಿದೆ. ಕಳ್ಳನಿಗೆ ಉತ್ತರ ಯಾಕೆ ಅನ್ನಿಸಿತ್ತು.

ಒಂಬತ್ತು ದಿನ ಕಳೆದು ಪುಸ್ತಕ ಹಿಂತಿರುಗಿಸಲು ಪಾಳ್ಯಕ್ಕೆ ಹೋದೆ. ಅವರು ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದರು. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇತ್ತು.

“ಫೋನಿಗೆ ವಯಸ್ಸಾಯ್ತು ಕಣವ್ವಾ, ನನ್ನಂಗೇ. ಕೇಳಿದ್ದಕ್ಕೆ ಉತ್ರಾನೇ ಕೊಡ್ತಿಲ್ಲ.”

ಪಕ್ಕದ ಹೊಸ ನೋಟ್‌ಬುಕ್ಕಿನಲ್ಲಿ ಒಂಬತ್ತು ತಾರೀಕುಗಳಿದ್ದವು. ಅವುಗಳ ಮುಂದೆ ಏನೂ ಇರಲಿಲ್ಲ. ನನ್ನ ಫೋನಿನಲ್ಲಿ ಪುಟ ತೆರೆಯಲು ನೋಡಿದೆ. ಅಲ್ಲೂ ಚಕ್ರ ಸುತ್ತಿತು. ಆಗ ಅರ್ಥವಾಯಿತು.

“ನಿಮ್ಮ ಫೋನ್ ಸರಿಯಾಗೇ ಐತೆ ರೈಟ್ರೇ. ಕಳ್ಳ ಬರ್ಬಾರ್ದು ಅಂತ ನಾನೇ ಮುಚ್ಚಿದ್ದು. ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಆವತ್ತು ಪುಸ್ತಕ ತಗಂಡೋಗುವಾಗ ಅಳ್ತಾ ಇದ್ದೆ ನೀನು. ಅದ್ರ ಮೇಲೆ ನಂದೊಂದು ಯಾಕೆ ಅಂತ ಸುಮ್ನಾಗ್ಬುಟ್ಟೆ.” ಆಮೇಲೆ ನಕ್ಕರು. “ಒಳ್ಳೇ ಕಾವಲು ಮಾರಾಯ್ತಿ! ಕಳ್ಳನ ಜೊತೆ ನನ್ನೂ ಹೊರಗಾಕ್ಬುಟ್ಟಲ್ಲ. ಇರ್ಲಿ, ಕಾಫಿ ಕುಡ್ಕಂಡು ಹೋಗು.”

ಅಲ್ಲಿಂದ ನಾನು ಏನೂ ಮಾಡುವಂತಿರಲಿಲ್ಲ. ನನಗೂ ಆಫೀಸಿನಿಂದ ಮಾತ್ರ ಪ್ರವೇಶ. ಕಾಫಿ ಕುಡಿದು, ಬಸ್ಸು ಹತ್ತಿ ಆಫೀಸಿಗೆ ಬಂದೆ. ಅವರ ಫೋನಿನ ಇಂಟರ್ನೆಟ್ ವಿಳಾಸ ಆಗಾಗ ಬದಲಾಗುವುದರಿಂದ ಅದನ್ನೊಂದೇ ಪಟ್ಟಿಗೆ ಸೇರಿಸಿ ಪ್ರಯೋಜನವಿರಲಿಲ್ಲ. ಡೇಟಾಬೇಸಿನ ಪೋರ್ಟ್ ಆಫೀಸಿಗೆ ಮಾತ್ರ ಇರಲಿ, ಮಳೆಯ ಪುಟ ಎಲ್ಲರಿಗೂ ಕಾಣಲಿ ಎಂದು ಹೊಸ ನಿಯಮ ಬರೆದೆ. ಮೂರು ಸಲ ಓದಿ, ಎಂಟರ್ ಒತ್ತಿ, ಅವರಿಗೆ ಫೋನ್ ಮಾಡಿದೆ.

ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು.

“ಬಂತು ಕಣವ್ವಾ, ಬಂತು.” ಒಂಬತ್ತು ದಿನದ್ದನ್ನೂ ಗಟ್ಟಿಯಾಗಿ ಓದುತ್ತಾ ಬರೆದುಕೊಳ್ಳತೊಡಗಿದರು. “ಸೊನ್ನೆ. ಸೊನ್ನೆ. ನಲವತ್ತು ಸೆಂಟು. ಸೊನ್ನೆ...”

“ಸೊನ್ನೇನೂ ಬರೀತೀರಾ?”

“ಬರೀದಿದ್ರೆ ಆವತ್ತು ನಾನು ನೋಡೇ ಇಲ್ಲ ಅಂತಾಯ್ತದೆ.”

ಅವರು ಒಂಬತ್ತನೆಯ ಸಾಲು ಮುಗಿಸುವವರೆಗೆ ನಾನು ಫೋನ್ ಇಡಲಿಲ್ಲ.