ರೆಕ್ಕೆಯ ಕರಿ ರಬ್ಬರು

ಬಸವಂತನನ್ನು ನಾನು ಬಹಳ ದಿನ ಪುಕ್ಕಲನೆಂದೇ ತಿಳಿದಿದ್ದೆ. ಗಡಹಿಂಗ್ಲಜದ ಈ ಮನುಷ್ಯ ಮೋಟಾರ್‌ಸೈಕಲ್ ಮೇಲೆ ಕೂತರೆ ಕಬ್ಬಿನ ಟ್ರ್ಯಾಕ್ಟರನ್ನೂ ದಾಟುತ್ತಿರಲಿಲ್ಲ. ಇವನು ಹಾರಿಸುವ ವಿಮಾನವೂ ಯಾವುದೋ ಟ್ರ್ಯಾಕ್ಟರಿನ ಹಿಂದೆಯೇ ಹೋಗುತ್ತಿರಬೇಕು ಅಂದುಕೊಂಡಿದ್ದೆ.

ಇಚಲಕರಂಜಿಯ ಮಗ್ಗದ ಧಣಿ ಆಬಾಸಾಹೇಬರಿಗೂ ಅದೇ ಸಂಶಯ. ಅವರು ಯಾವುದೋ ಚಳಿದೇಶದಿಂದ ಎರಡು ಎಂಜಿನ್ನಿನ ಹಳೆಯ ಪುಟ್ಟ ವಿಮಾನ ತರಿಸಿ ಕೊಲ್ಹಾಪುರದ ನಿಲ್ದಾಣದಲ್ಲಿ ಇಟ್ಟಿದ್ದಾರೆ. ಬಸವಂತ ಅದರ ಪೈಲಟ್. ಕಾಗಲದ ಧಣಿಯೊಬ್ಬನ ಬಳಿಯೂ ಅಂಥದೇ ವಿಮಾನವಿದೆ. ಮುಂಬೈಗೆ ಅದು ಯಾವಾಗಲೂ ಮೊದಲು ಮುಟ್ಟುತ್ತದೆ. ಇವರು ಇಳಿಯುವಾಗ ಆತ ಆಗಲೇ ಚಹಾ ಕುಡಿಯುತ್ತ ಕೂತಿರುವುದು ಆಬಾಸಾಹೇಬರ ಬಾಳಿನ ದೊಡ್ಡ ದುಃಖ.

“ಎಂಜಿನ್ ಪೂರ್ತಿ ಬಿಡೋ ಬಸವಂತಾ! ನನ್ನ ಮಗ್ಗ ನೋಡು, ಮೋಟಾರಿಗೆ ಬೆಲ್ಟಿನ ದೊಡ್ಡ ಪುಲ್ಲಿ ಹಾಕಿದ್ಕ ಹೆಂಗ ಓಡಾಕತ್ತಾವ!”

“ಬಿಡಬಹುದ್ರಿ ಸಾಹೇಬ್ರ. ಒಂಚೂರು ಜೋರ ಹೊಕ್ಕೈತಿ, ಎಣ್ಣಿ ಭಾಳ ಕುಡಿತೈತಿ, ಎಂಜಿನ್ ಕಾಯ್ತೈತಿ. ಮಗ್ಗದಾಗ ನೂಲು ಹರದ್ರ ಗಂಟ ಹಾಕ್ತೀರಿ. ಮ್ಯಾಲ ಗಂಟ ಹಾಕಾಕ ಯಾರೂ ಇಲ್ರಿ.”

“ಮತ್ತ ಕಾಗಲದಾಂವ?”

“ಅವರ ರೆಕ್ಕಿಗೆ ರಬ್ಬರ್ ಇಲ್ರಿ.”

ರೆಕ್ಕೆಯ ಮುಂದಿನ ಅಂಚಿಗೆ ಅಂಟಿಸಿದ ಕರಿ ರಬ್ಬರು ಅದು. ಚಳಿಮೋಡದಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿದರೆ ಒಳಗೆ ಗಾಳಿ ತುಂಬಿಕೊಂಡು ಉಬ್ಬಿ, ಅದನ್ನು ಒಡೆದು ಉದುರಿಸುತ್ತದೆ. ಮಂಜಿಲ್ಲದಾಗ ಗಾಳಿಗೆ ಅಡ್ಡಬಂದು ವೇಗವನ್ನು ಕೊಂಚ ತಿನ್ನುತ್ತದೆ, ಅಷ್ಟೆ.

ಆಬಾಸಾಹೇಬರು ಅದನ್ನು ತೆಗೆಸಿಯೇಬಿಟ್ಟರು. ಬಸವಂತನೂ ಬೇಡವೆನ್ನಲಿಲ್ಲ. “ಮುಂಬೈಕ ಬೇಕಾಗಂಗಿಲ್ರಿ. ಆದ್ರ ಮುಂದ ಚಳಿಮೋಡದಾಗ ಹೋಗೂಣು ಅನಬ್ಯಾಡ್ರಿ,” ಎಂದನಷ್ಟೆ. ಮುಂದಿನ ಸಲ ಅವರು ಕಾಗಲದವನ ಜೊತೆಜೊತೆಗೇ ಇಳಿದರು. ಪೇಢೆ ಹಂಚಲಾಯಿತು. ಇನ್ನು ಇಚಲಕರಂಜಿಯಲ್ಲಿ ಯಾವ ರಬ್ಬರೂ ಸುಮ್ಮನೆ ಬಿದ್ದಿರುವುದಿಲ್ಲ. ಧಣಿಗಳು ರೆಕ್ಕೆಯಿಂದ ಕಿತ್ತದ್ದನ್ನು ತುಂಡು ಮಾಡಿಸಿ, ಮಗ್ಗಗಳಲ್ಲಿ ಲಾಳಿ ಬಂದು ಬಡಿಯುವ ಜಾಗಕ್ಕೆಲ್ಲ ಹಾಕಿಸಿದರು.

ಜನವರಿಯಲ್ಲಿ ಲುಧಿಯಾನಾದಲ್ಲಿ ನೂಲಿನ ವ್ಯಾಪಾರಿಗಳ ಸಭೆ. ಆಬಾಸಾಹೇಬರೇ ಅಧ್ಯಕ್ಷರು. ಶಾಲು ಹೊದ್ದು ವಿಮಾನದ ಬಳಿ ನಿಂತಿದ್ದರು. ಅವರ ಅರವತ್ತರ ಗೌರವಗ್ರಂಥ ಬರೆಯಲು ಒಪ್ಪಿದ್ದಕ್ಕಾಗಿ ನಾನೂ ನಿಂತಿದ್ದೆ. ಬಸವಂತ ಹವಾಮಾನ ವಿಚಾರಿಸಿ ಬಂದು ಮೆಟ್ಟಿಲ ಮೇಲೆ ಕೂತ.

“ದಾರಿ ತುಂಬ ಚಳಿಮೋಡ ಅದಾವ್ರಿ. ರಬ್ಬರ್ ಇಲ್ದ ಆಗಂಗಿಲ್ಲ.”

“ಆಯಲಾ! ಅದು ಮಗ್ಗದಾಗ ಐತಲ್ಲೋ!”

“ಗೊತ್ತೈತ್ರಿ. ಮಗ್ಗಕ್ಕ ಮಂಜ ಕಟ್ಟಂಗಿಲ್ಲ. ನೀವು ರೈಲಿಗೆ ಹೋಗ್ರಿ.”

“ಅಧ್ಯಕ್ಷ ರೈಲಿನಾಗ ಹೋಗಿ ಇಳೀತಾನೇನೋ? ಇವತ್ತ ಹಾರಿಸ್ಲಿಲ್ಲಂದ್ರ ನಾಳಿಂದ ಬರಬ್ಯಾಡ. ಬ್ಯಾರೆ ಪೈಲಟ್ ಸಿಗ್ತಾನ.”

ಬಸವಂತನಿಗೆ ಐವತ್ತು ದಾಟಿದೆ. ಈ ಸೀಮೆಯಲ್ಲಿ ಅಂಥ ಕೆಲಸ ಇನ್ನೊಂದೇ ಇರುವುದು, ಕಾಗಲದವನ ಹತ್ತಿರ. ಅಲ್ಲಿ ಆಗಲೇ ಒಬ್ಬನಿದ್ದಾನೆ. ಬಸವಂತ ಜೇಬಿನಿಂದ ವಿಮಾನದ ಕೀಲಿ ತೆಗೆದು ರೆಕ್ಕೆಯ ಮೇಲಿಟ್ಟ.

ಕೀಲಿ ನೋಡಿ ಆಬಾಸಾಹೇಬರು ಮೆತ್ತಗಾದರು. “ಇಷ್ಟ ದೊಡ್ಡದ ಮಾಡಬ್ಯಾಡೋ. ಮಂಜ ಕಟ್ಟಿದ್ರ ಮ್ಯಾಲ ಒಂದೀಟ ನಿಂದ್ರಿಸಿ, ಅರಿವೀಲೆ ಒರಸಾಕ ಬರಂಗಿಲ್ಲೇನು?”

“ಬರ್ತೈತ್ರಿ ಸಾಹೇಬ್ರ. ಒರಸಾಕ ನೀವ ಇಳೀರಿ.”